ಒಂದೇ ಕಂಪ್ಯೂಟರ್, ಎರಡು ಬಾಗಿಲು: ಟರ್ಮಿನಲ್‌ನಲ್ಲಿ ಕನ್ನಡ 15 ಪ್ರಶ್ನೆ ಚಿಹ್ನೆಯಾದ ಕಥೆ

ಇವತ್ತು ಒಂದು ಸಣ್ಣ ಲೆಕ್ಕದಿಂದ ಶುರು ಮಾಡೋಣ. ‘ಕನ್ನಡ’ ಅನ್ನೋ ಪದದಲ್ಲಿ ಎಷ್ಟು ಅಕ್ಷರ? ಮೂರು ಅಂತೀರಿ. ಕಂಪ್ಯೂಟರ್‌ನ ಲೆಕ್ಕದಲ್ಲಿ ಐದು: ಕ, ನ, ಒತ್ತಕ್ಷರ ಮಾಡಿಸೋ ಹಲಂತ ಚಿಹ್ನೆ, ಇನ್ನೊಂದು ನ, ಕೊನೆಗೆ ಡ. ಈ ಒಂದೊಂದಕ್ಕೂ ಮೂರು ಬೈಟ್. ಒಟ್ಟು 15.

ಈಗ ಒಂದು ಹಳೆಯ ಲಿನಕ್ಸ್ ಕಂಪ್ಯೂಟರ್ ಕಲ್ಪಿಸಿಕೊಳ್ಳಿ. ಅದರಲ್ಲಿ ‘ಕನ್ನಡ’ ಅಂತ ಹೆಸರಿಟ್ಟ ಒಂದು ಫೋಲ್ಡರ್ ಇದೆ. ಕಪ್ಪು ಪರದೆಯಲ್ಲಿ ಹೆಸರು, ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗಿ, ‘ಸ್ಟಾರ್ಟ್‌ಎಕ್ಸ್’ ಅಂತ ಟೈಪ್ ಮಾಡಿ, ಆಮೇಲೆ ಟರ್ಮಿನಲ್ ಕಿಟಕಿ ತೆರೆದರೆ ಹೆಸರು ಸರಿಯಾಗಿ ಕಾಣುತ್ತೆ. ಅದೇ ಕಂಪ್ಯೂಟರು, ಅದೇ ಬಳಕೆದಾರ, ಆದರೆ ಈ ಸಲ ಚಿತ್ರ-ಬಣ್ಣದ ಲಾಗಿನ್ ಪರದೆಯಿಂದ ಒಳಗೆ ಬಂದರೆ ಅದೇ ಫೋಲ್ಡರ್‌ನ ಹೆಸರಿನ ಜಾಗದಲ್ಲಿ 15 ಪ್ರಶ್ನೆ ಚಿಹ್ನೆ. ಫೈಲ್ ಹಾಳಾಗಿಲ್ಲ, ಫಾಂಟ್ ಕಳೆದುಹೋಗಿಲ್ಲ. ವ್ಯತ್ಯಾಸ ಇರೋದು ಯಾವ ಬಾಗಿಲಿಂದ ಒಳಗೆ ಬಂದಿರಿ ಅನ್ನೋದರಲ್ಲಿ ಮಾತ್ರ.

ಇದು ಹೇಗೆ ಸಾಧ್ಯ? ಉತ್ತರ ಹುಡುಕಿಕೊಂಡು ಹೋದರೆ ಸುಮಾರು 45 ವರ್ಷ ಹಿಂದಕ್ಕೆ ಹೋಗಬೇಕಾಗುತ್ತೆ.

ಮೊದಲು ಟರ್ಮಿನಲ್ ಅಂದ್ರೆ ಏನು ಅಂತ ಒಂದು ಮಾತು. ಫೋನ್‌ನಲ್ಲೇ ಬೆಳೆದವರಿಗೆ ಅದು ಸಿನಿಮಾದ ಹ್ಯಾಕರ್ ಕುಟ್ಟೋ ಕಪ್ಪು ಕಿಟಕಿ. ಒಂದು ಕಾಲದಲ್ಲಿ ಅದು ನಿಜವಾದ ಯಂತ್ರ. 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಯುನಿಕ್ಸ್ ಕಟ್ಟೋಕೆ ಶುರು ಮಾಡಿದಾಗ, ಅವರ ಮುಂದೆ ಇದ್ದದ್ದು ಕಾಗದದ ಮೇಲೆ ಕಟಕಟ ಅಂತ ಅಚ್ಚೊತ್ತುವ ಟೆಲಿಟೈಪ್. ಅದಕ್ಕೆ ಗೊತ್ತಿದ್ದದ್ದು ಆಸ್ಕಿ ಎಂಬ 128 ಸಂಕೇತಗಳ ಪಟ್ಟಿ. ಇಂಗ್ಲಿಷ್ ಅಕ್ಷರ, ಅಂಕಿ, ಒಂದಿಷ್ಟು ಚಿಹ್ನೆ, ಅಷ್ಟೇ. ಬೇರೆ ಭಾಷೆಯ ಪ್ರಶ್ನೆಯೇ ಅಲ್ಲಿ ಇರಲಿಲ್ಲ.

1979ರಲ್ಲಿ ಯುನಿಕ್ಸ್‌ನ 7ನೇ ಆವೃತ್ತಿ ಬಂತು. ನಮ್ಮ ಕಥೆಯ ಬೀಜ ಇರೋದು ಇಲ್ಲಿ. ಅದರಲ್ಲಿ ‘ಎನ್ವಿರಾನ್ಮೆಂಟ್’ ಎಂಬ ಹೊಸ ಏರ್ಪಾಡು ಇತ್ತು. ಪ್ರತಿ ಪ್ರೋಗ್ರಾಂ ಜೊತೆಗೆ ಒಂದು ಚೀಟಿಗಳ ಗಂಟು ಇರುತ್ತೆ. ಒಂದೊಂದು ಚೀಟಿಯ ಮೇಲೂ ಒಂದು ಹೆಸರು, ಒಂದು ಬೆಲೆ. ಒಂದು ಪ್ರೋಗ್ರಾಂ ಇನ್ನೊಂದನ್ನು ಹುಟ್ಟುಹಾಕಿದಾಗ ಆ ಗಂಟಿನ ನಕಲು ಮಗುವಿನ ಕೈಗೆ ಹೋಗುತ್ತೆ. ಇಲ್ಲಿ ಎರಡು ನಿಯಮ ನೆನಪಿಟ್ಟುಕೊಳ್ಳಿ. ಮಗು ತನ್ನ ಚೀಟಿಯಲ್ಲಿ ಏನೇ ಗೀಚಿದರೂ ತಾಯಿಯ ಚೀಟಿ ಬದಲಾಗಲ್ಲ. ಮಗು ಹುಟ್ಟಿದ ಮೇಲೆ ತಾಯಿ ತನ್ನ ಚೀಟಿ ತಿದ್ದಿಕೊಂಡರೂ ಮಗುವಿಗೆ ಅದು ಗೊತ್ತಾಗಲ್ಲ. ಮುಂದಿನ ಎಲ್ಲ ತಾಪತ್ರಯವೂ ಇದರಿಂದಲೇ.

ಹಾಗಾದ್ರೆ ಮೊದಲ ಗಂಟನ್ನು ತುಂಬಿಸೋರು ಯಾರು? ನೀವು ಲಾಗಿನ್ ಆದಾಗ ಯುನಿಕ್ಸ್ ನಿಮಗೊಂದು ಶೆಲ್ ಕೊಡುತ್ತೆ, ಅಂದ್ರೆ ನಿಮ್ಮ ಆಜ್ಞೆ ಕೇಳಿಸಿಕೊಳ್ಳೋ ಪ್ರೋಗ್ರಾಂ. ಈ ಮೊದಲ ಶೆಲ್‌ಗೆ ‘ಲಾಗಿನ್ ಶೆಲ್’ ಅಂತ ಹೆಸರು. ತಾನು ಮೊದಲನೆಯದು ಅಂತ ಅದಕ್ಕೆ ಹೇಗೆ ಗೊತ್ತು? ಅದನ್ನು ಕರೆಯುವಾಗ ಹೆಸರಿನ ಮುಂದೆ ಒಂದು ಸಣ್ಣ ಅಡ್ಡಗೆರೆ ಸೇರಿಸಿರ್ತಾರೆ. ಅಷ್ಟೇ, ಬೇರೇನೂ ಇಲ್ಲ! ಆ ಗೆರೆ ಕಂಡರೆ ಶೆಲ್ ಮೊದಲು ಇಡೀ ಕಂಪ್ಯೂಟರ್‌ಗೆ ಸೇರಿದ ಪ್ರೊಫೈಲ್ ಫೈಲ್ ಓದುತ್ತೆ, ಆಮೇಲೆ ನಿಮ್ಮ ಸ್ವಂತದ ‘ಡಾಟ್ ಪ್ರೊಫೈಲ್’ ಓದುತ್ತೆ. ನಿಮ್ಮ ಚೀಟಿಗಳೆಲ್ಲ ಇರೋದು ಅಲ್ಲಿ. ಲಾಗಿನ್ ಅಂದರೆ ಟೆಲಿಟೈಪ್ ಮುಂದೆ ಕೂತು ಹೆಸರು ಒತ್ತೋದು, ಬೇರೆ ದಾರಿಯೇ ಇಲ್ಲ ಅನ್ನೋ ಕಾಲಕ್ಕೆ ಇದು ಸೊಗಸಾದ ವ್ಯವಸ್ಥೆ.

ಇತ್ತ ಯುರೋಪಿನಲ್ಲಿ ತಕರಾರು ಶುರುವಾಗಿತ್ತು. ಜರ್ಮನ್ನರಿಗೆ, ಫ್ರೆಂಚರಿಗೆ, ಇಟಾಲಿಯನ್ನರಿಗೆ ಆಸ್ಕಿ ಸಾಲದು. 1984ರಲ್ಲಿ ಬುಲ್, ಸೀಮೆನ್ಸ್, ಒಲಿವೆಟ್ಟಿಯಂಥ ಯುರೋಪಿನ ಕಂಪನಿಗಳು ಸೇರಿ ಎಕ್ಸ್-ಓಪನ್ ಎಂಬ ಕೂಟ ಕಟ್ಟಿದವು. ‘ಲ್ಯಾಂಗ್’ ಎಂಬ ಒಂದು ಚೀಟಿಯಲ್ಲಿ ಬಳಕೆದಾರರ ಭಾಷೆ ಬರೆದಿಡೋದು ಅನ್ನೋ ಪದ್ಧತಿ ಆ ದಶಕದ ಕೊನೆಯ ಹೊತ್ತಿಗೆ ಈ ಕೂಟದ ಮಾರ್ಗದರ್ಶಿಗಳ ಮೂಲಕ ಹರಡಿತು. 1989ರಲ್ಲಿ ಸಿ ಭಾಷೆಗೆ ಅಮೆರಿಕದ ಅಧಿಕೃತ ಮಾನಕ ಬಂದಾಗ, ಅದರಲ್ಲಿ ‘ಲೊಕೇಲ್’ ಎಂಬ ಪರಿಕಲ್ಪನೆಯೂ ಜಾಗ ಪಡೆಯಿತು. ಯಾವ ಲಿಪಿ, ಅಕಾರಾದಿ ಕ್ರಮ ಹೇಗೆ, ದಿನಾಂಕ ಬರೆಯೋದು ಹೇಗೆ, ದಶಮಾಂಶಕ್ಕೆ ಚುಕ್ಕೆಯೋ ಅಲ್ಪವಿರಾಮವೋ, ಎಲ್ಲ ಸೇರಿದ ಕಟ್ಟು ಅದು. ಪ್ರತಿ ವಿಷಯಕ್ಕೂ ‘ಎಲ್‌ಸಿ’ ಅಂತ ಶುರುವಾಗೋ ಬೇರೆ ಬೇರೆ ಚೀಟಿ. ಎಲ್ಲದರ ಮೇಲೆ ಸವಾರಿ ಮಾಡೋದು ‘ಎಲ್‌ಸಿ ಆಲ್’. ಅದಿಲ್ಲದಿದ್ದರೆ ಆಯಾ ವಿಷಯದ ಚೀಟಿ. ಅದೂ ಇಲ್ಲದಿದ್ದರೆ ‘ಲ್ಯಾಂಗ್’. ಯಾವುದೂ ಇಲ್ಲದಿದ್ದರೆ? ಆಗ ‘ಸಿ’ ಎಂಬ ಒಂದಕ್ಷರದ ಲೊಕೇಲ್. ಅದರ ಲೋಕದಲ್ಲಿ ಇಂಗ್ಲಿಷ್ ಬಿಟ್ಟು ಬೇರೇನೂ ಅಕ್ಷರವೇ ಅಲ್ಲ.

ನಮ್ಮ 15 ಪ್ರಶ್ನೆ ಚಿಹ್ನೆ ಹುಟ್ಟಿದ್ದು ಇಲ್ಲೇ. ಫೈಲ್‌ಗಳ ಪಟ್ಟಿ ತೋರಿಸೋ ‘ಎಲ್‌ಎಸ್’ ಆಜ್ಞೆಗೆ ಚೀಟಿಯ ಗಂಟಿನಲ್ಲಿ ‘ಲ್ಯಾಂಗ್’ ಸಿಗಲಿಲ್ಲ. ಅದು ‘ಸಿ’ ಲೋಕದಲ್ಲೇ ಉಳೀತು. ಗುರುತು ಸಿಗದ ಒಂದೊಂದು ಬೈಟ್‌ಗೂ ಒಂದೊಂದು ಪ್ರಶ್ನೆ ಹಾಕ್ತು. 2016ರ ನಂತರದ ಎಲ್‌ಎಸ್ ಪ್ರಶ್ನೆ ಚಿಹ್ನೆ ಬದಲು 340, 262, 225 ಅಂತ ಅಂಕಿ ತೋರಿಸುತ್ತೆ. ಅದು ‘ಕ’. ಓದೋರಿಗೆ ಇದರಿಂದ ಏನು ಉಪಕಾರ ಆಯ್ತೋ ಗೊತ್ತಿಲ್ಲ.

ಆದರೆ ‘ಲ್ಯಾಂಗ್’ ಡಾಟ್ ಪ್ರೊಫೈಲ್‌ನಲ್ಲಿ ಇತ್ತಲ್ಲ, ಅದ್ಯಾಕೆ ಸಿಗಲಿಲ್ಲ?

ಅದಕ್ಕೆ ಎಂಐಟಿಗೆ ಹೋಗಬೇಕು. 1984ರಲ್ಲಿ ಅಲ್ಲಿ ಬಾಬ್ ಶೈಫ್ಲರ್ ಮತ್ತು ಜಿಮ್ ಗೆಟ್ಟಿಸ್ ಯುನಿಕ್ಸ್‌ಗೆ ಕಿಟಕಿಗಳ ವ್ಯವಸ್ಥೆಯೊಂದನ್ನು ಕಟ್ಟಿದರು. ಅದರ ಹೆಸರು ‘ಎಕ್ಸ್’. 1987ರಲ್ಲಿ ಬಂದ ಅದರ 11ನೇ ಆವೃತ್ತಿ ಇವತ್ತಿಗೂ ಎಷ್ಟೋ ಕಂಪ್ಯೂಟರ್‌ಗಳಲ್ಲಿ ಓಡ್ತಿದೆ. ಕಿಟಕಿಯೊಳಗೆ ಹಳೆ ಟರ್ಮಿನಲ್‌ನ ನಾಟಕ ಆಡೋ ಪ್ರೋಗ್ರಾಂ ‘ಎಕ್ಸ್‌ಟರ್ಮ್’. ತಮಾಷೆ ಅಂದ್ರೆ ಅದು ಎಕ್ಸ್‌ಗಿಂತಲೂ ಸ್ವಲ್ಪ ಹಳೆಯದು. ಅದೇ 1984ರಲ್ಲಿ ಮಾರ್ಕ್ ವ್ಯಾಂಡೆವೂರ್ಡ್ ಎಂಬ ವಿದ್ಯಾರ್ಥಿ ಬೇರೆ ಯಂತ್ರಕ್ಕಾಗಿ ಬರೆದದ್ದನ್ನು ಎಕ್ಸ್‌ಗೆ ಒಗ್ಗಿಸಿದ್ದು.

ಶುರುವಿನಲ್ಲಿ ತೊಂದರೆ ಇರಲಿಲ್ಲ. ಕಪ್ಪು ಪರದೆಯಲ್ಲಿ ಲಾಗಿನ್ ಆಗಿ, ಅಲ್ಲಿಂದ ಎಕ್ಸ್ ಶುರು ಮಾಡಿದರೆ ಲಾಗಿನ್ ಶೆಲ್ ತಾಯಿ, ಎಕ್ಸ್ ಮಗು, ಎಕ್ಸ್‌ಟರ್ಮ್ ಮೊಮ್ಮಗು. ಚೀಟಿ ತಲೆಮಾರಿನಿಂದ ತಲೆಮಾರಿಗೆ ಇಳಿದು ಬರ್ತಿತ್ತು. 1988ರಲ್ಲಿ ಕೀತ್ ಪ್ಯಾಕರ್ಡ್ ಬರೆದ ‘ಎಕ್ಸ್‌ಡಿಎಂ’ ಬಂತು. ಪರದೆಯ ಮೇಲೆ ಒಂದು ಪೆಟ್ಟಿಗೆ, ಅದರಲ್ಲಿ ಹೆಸರು, ಪಾಸ್‌ವರ್ಡ್. ಇವತ್ತಿನ ಎಲ್ಲ ಚಿತ್ರಮಯ ಲಾಗಿನ್ ಪರದೆಗಳ ಮುತ್ತಜ್ಜ ಅದು. ನೀವು ಪಾಸ್‌ವರ್ಡ್ ಕೊಟ್ಟ ಮೇಲೆ ಅದು ‘ಡಾಟ್ ಎಕ್ಸ್‌ಸೆಷನ್’ ಎಂಬ ಬೇರೆಯದೇ ಫೈಲ್ ಓಡಿಸುತ್ತೆ. ಈ ದಾರಿಯಲ್ಲಿ ಲಾಗಿನ್ ಶೆಲ್ ಎಲ್ಲೂ ಬರೋದೇ ಇಲ್ಲ. ಅಡ್ಡಗೆರೆ ಇಲ್ಲ, ಹಾಗಾಗಿ ಡಾಟ್ ಪ್ರೊಫೈಲ್ ಓದೋರು ಯಾರೂ ಇಲ್ಲ.

ಇದನ್ನು ಮರೆವು ಅಂತ ತಳ್ಳಿಹಾಕೋದು ನ್ಯಾಯ ಅಲ್ಲ ಅಂತ ನನಗನಿಸುತ್ತೆ. ಆ ಕಾಲದ ಜನರ ಪ್ರೊಫೈಲ್ ಫೈಲ್‌ಗಳಲ್ಲಿ ‘ನಿಮ್ಮದು ಯಾವ ಬಗೆಯ ಟರ್ಮಿನಲ್?’ ಅಂತ ಕೇಳಿ ಉತ್ತರಕ್ಕೆ ಕಾಯುವ ಸಾಲುಗಳು, ಕೀಬೋರ್ಡ್‌ನ ಅಳಿಸುವ ಕೀಲಿ ಹೊಂದಿಸುವ ಸಾಲುಗಳು ಇರ್ತಿದ್ದವು. ಚಿತ್ರಮಯ ಲಾಗಿನ್‌ನಲ್ಲಿ ಆ ಪ್ರಶ್ನೆ ಕಾಣಿಸೋಕೆ ಟರ್ಮಿನಲ್ಲೇ ಇಲ್ಲ. ಜೊತೆಗೆ ಅರ್ಧ ಜನ ಬರ್ಕ್ಲಿಯ ಸಿ ಶೆಲ್ ಬಳಸೋರು. ಅದರ ಫೈಲ್‌ನ ಹೆಸರೂ ಬೇರೆ, ವ್ಯಾಕರಣವೂ ಬೇರೆ. ಎಕ್ಸ್‌ಡಿಎಂ ಅದರ ಗೊಡವೆಗೇ ಹೋಗಲಿಲ್ಲ.

ಜನ ಸುಮ್ಮನಿರ್ತಾರಾ? ಎಕ್ಸ್‌ಟರ್ಮ್‌ಗೆ ಒಂದು ಸ್ವಿಚ್ ಇತ್ತು. ಅದನ್ನು ಹಾಕಿದರೆ ಒಳಗಿನ ಶೆಲ್ ಲಾಗಿನ್ ಶೆಲ್ ಆಗಿಯೇ ಹುಟ್ಟುತ್ತೆ, ಪ್ರೊಫೈಲ್ ಓದುತ್ತೆ, ‘ಲ್ಯಾಂಗ್’ ಬರುತ್ತೆ. ಇನ್ನು ಕೆಲವರು ಲಾಗಿನ್ ಶೆಲ್ ಅಲ್ಲದ ಇಂಟರಾಕ್ಟಿವ್ ಬ್ಯಾಶ್ ಓದೋ ‘ಡಾಟ್ ಬ್ಯಾಶ್‌ಆರ್‌ಸಿ’ ಫೈಲ್‌ನಲ್ಲೇ ಆ ಸಾಲು ಹಾಕಿಕೊಂಡರು. ಸಮಸ್ಯೆ ಮುಗೀತು ಅಂದ್ಕೊಂಡ್ರೆ, ಅಸಲಿ ಸಮಸ್ಯೆ ಶುರುವಾಗಿದ್ದೇ ಇಲ್ಲಿ. ಯಾಕಂದ್ರೆ ಚೀಟಿ ಸಿಕ್ಕಿದ್ದು ಶೆಲ್‌ಗೆ. ಎಕ್ಸ್‌ಟರ್ಮ್ ಆ ಶೆಲ್‌ನ ತಾಯಿ. ಮಗು ಬರೆದುಕೊಂಡದ್ದು ತಾಯಿಗೆ ಗೊತ್ತಾಗಲ್ಲ ಅಂದಿದ್ದೆನಲ್ಲ? ಈಗ ಒಳಗಿನ ಪ್ರೋಗ್ರಾಂ ಒಂದು ಭಾಷೆಯಲ್ಲಿ ಮಾತಾಡುತ್ತೆ, ಅದನ್ನು ಪರದೆಯ ಮೇಲೆ ಬರೆಯೋ ಎಕ್ಸ್‌ಟರ್ಮ್ ಇನ್ನೊಂದು ಭಾಷೆ ಅಂತ ಓದುತ್ತೆ.

ಕನ್ನಡದ ಪಾಲಿಗೆ ಇದು ಬರೀ ಪ್ರಶ್ನೆ ಚಿಹ್ನೆಗಿಂತ ಕೆಟ್ಟದ್ದು. ಯಾಕೆ ಅಂತ ತಿಳಿಯೋಕೆ 1992ರ ಸೆಪ್ಟೆಂಬರ್‌ನ ಒಂದು ರಾತ್ರಿ ಊಟಕ್ಕೆ ಹೋಗೋಣ. ನಮ್ಮ ಎಕ್ಸ್-ಓಪನ್ ಕೂಟದ ಸಭೆಯಲ್ಲಿದ್ದವರು ಯೂನಿಕೋಡ್ ಅಕ್ಷರಗಳನ್ನು ಬೈಟ್‌ಗಳಲ್ಲಿ ಬರೆಯುವ ಒಂದು ವಿಧಾನದ ಬಗ್ಗೆ ಬೆಲ್ ಲ್ಯಾಬ್ಸ್‌ನವರ ಅಭಿಪ್ರಾಯ ಕೇಳಿ ಫೋನ್ ಮಾಡಿದ್ದರು. ಇದಕ್ಕಿಂತ ಚೆನ್ನಾಗಿ ಮಾಡಬಹುದು ಅಂತ ಅನ್ನಿಸಿ, ನ್ಯೂಜೆರ್ಸಿಯ ಒಂದು ಡೈನರ್‌ನಲ್ಲಿ ಕೆನ್ ಥಾಂಪ್ಸನ್, ಎದುರಿಗೆ ರಾಬ್ ಪೈಕ್ ಕೂತಿರುವಾಗ, ತಟ್ಟೆಯ ಕೆಳಗೆ ಹಾಸುವ ಕಾಗದದ ಮೇಲೆ ಹೊಸ ವಿಧಾನ ಬರೆದರು. ಅದೇ ಯುಟಿಎಫ್-8. ನಿಮ್ಮ ವಾಟ್ಸ್‌ಆ್ಯಪ್‌ನ ಪ್ರತಿ ಕನ್ನಡ ಸಂದೇಶದ ಹಿಂದಿರೋ ಲೆಕ್ಕ. 1969ರಲ್ಲಿ ಯುನಿಕ್ಸ್ ಶುರು ಮಾಡಿದ ಅದೇ ಥಾಂಪ್ಸನ್ ಅನ್ನೋದನ್ನ ಗಮನಿಸಿ.

ಯುಟಿಎಫ್-8ರಲ್ಲಿ ಪ್ರತಿ ಕನ್ನಡ ಅಕ್ಷರದ ಮೊದಲ ಬೈಟ್ 224. ಎರಡನೆಯದು 178 ಅಥವಾ 179. ಮೂರನೆಯದು ಬದಲಾಗ್ತಾ ಹೋಗುತ್ತೆ. ಈಗ ಹಳೆಯ ಟರ್ಮಿನಲ್‌ಗಳ ಕಡೆ ನೋಡಿ. ಇಸಿಎಂಎ-48 ಎಂಬ ಮಾನಕದ ಪ್ರಕಾರ 128ರಿಂದ 159ರವರೆಗಿನ ಬೈಟ್‌ಗಳು ಅಕ್ಷರಗಳೇ ಅಲ್ಲ, ಆಜ್ಞೆಗಳು. ‘ಅ’ದ ಮೂರನೇ ಬೈಟ್ 133. ಅದರ ಅರ್ಥ ‘ಮುಂದಿನ ಸಾಲಿಗೆ ಹೋಗು’. ‘ಛ’ದ ಮೂರನೇ ಬೈಟ್ 155, ಅಂದ್ರೆ ‘ಮುಂದೆ ಬರೋದು ಪರದೆಗೆ ಆಜ್ಞೆ’. ‘ಐ’ಯದ್ದು 144: ‘ಇಲ್ಲಿಂದ ಒಂದು ಗುಪ್ತ ಸಂದೇಶ ಶುರು, ಮುಗಿಯೋವರೆಗೂ ಏನೂ ತೋರಿಸಬೇಡ’. ಅದು ಮುಗಿಯೋದು ಯಾವಾಗ? 156 ಬಂದಾಗ. 156 ಯಾರದ್ದು ಗೊತ್ತಾ? ‘ಜ’ದ್ದು! ಅಂದರೆ ಕನ್ನಡ ಗೊತ್ತಿಲ್ಲದ ಟರ್ಮಿನಲ್ ಮುಂದೆ ಒಂದು ಕನ್ನಡ ಲೇಖನ ಸುರಿದರೆ, ‘ಐ’ ಕಂಡ ಕೂಡಲೇ ಅದು ಬಾಯಿ ಮುಚ್ಚಿಕೊಂಡು, ಒಂದು ‘ಜ’ ಬರೋವರೆಗೂ ಸುಮ್ಮನೆ ಕಾಯಬಹುದು. ವರ್ಣಮಾಲೆಯೇ ಮಂತ್ರವಾಗಿಬಿಟ್ಟ ಹಾಗೆ. ಪರದೆ ಚಿಂದಿಯಾದಾಗ ಜನ ಕಿಟಕಿ ಮುಚ್ಚಿ ಹೊಸದು ತೆರೀತಿದ್ದರು, ಪಾಪ ಅವರಿಗೇನು ಗೊತ್ತು.

ಇದಕ್ಕೆ ಮದ್ದು ಒಂದೇ: ಟರ್ಮಿನಲ್ ಹುಟ್ಟೋ ಮೊದಲೇ ಅದರ ಕೈಗೆ ಸರಿಯಾದ ಚೀಟಿ ಕೊಡಬೇಕು. ‘ಯುಎಕ್ಸ್‌ಟರ್ಮ್’ ಎಂಬ ಪುಟ್ಟ ಸ್ಕ್ರಿಪ್ಟ್ ಮಾಡೋದು ಅದನ್ನೇ. ಮೊದಲು ಲೊಕೇಲನ್ನು ಯುಟಿಎಫ್-8ಕ್ಕೆ ತಿದ್ದುತ್ತೆ, ಆಮೇಲೆ ಎಕ್ಸ್‌ಟರ್ಮನ್ನು ಕರೆಯುತ್ತೆ.

2000ದ ನವೆಂಬರ್‌ನಲ್ಲಿ ಬಂದ ಗ್ನೂ ಸಿ ಲೈಬ್ರರಿಯ 2.2 ಆವೃತ್ತಿಯಿಂದ ಲಿನಕ್ಸ್‌ನಲ್ಲಿ ಯುಟಿಎಫ್-8 ಲೊಕೇಲ್‌ಗಳು ಗಟ್ಟಿಯಾದವು. 2002ರ ರೆಡ್ ಹ್ಯಾಟ್ ಲಿನಕ್ಸ್ 8.0 ಅದನ್ನೇ ಬಹುತೇಕ ಭಾಷೆಗಳಿಗೆ ಪೂರ್ವನಿಯೋಜಿತ ಮಾಡಿತು. ಡೆಬಿಯನ್ 2007ರಲ್ಲಿ ಅದೇ ಹಾದಿ ಹಿಡಿಯಿತು.

ಬಾಗಿಲಿನ ಜಗಳ ಮಾತ್ರ ಮುಗಿದಿರಲಿಲ್ಲ. ಕೆಡಿಇ ಡೆಸ್ಕ್‌ಟಾಪ್‌ನವರು ಎಕ್ಸ್‌ಡಿಎಂ ತಿದ್ದಿ ಕೆಡಿಎಂ ಮಾಡಿದರು. ಗ್ನೋಮ್‌ನವರು ಜಿಡಿಎಂ ಅಂತ ಹೊಸದಾಗಿಯೇ ಬರೆದರು. ಕೆಡಿಎಂನ ಸ್ಕ್ರಿಪ್ಟ್ ಓದಿದರೆ ನಗು ಬರುತ್ತೆ: ನಿಮ್ಮದು ಬ್ಯಾಶ್ ಆದರೆ ಈ ಫೈಲ್, ಜೆಡ್ ಶೆಲ್ ಆದರೆ ಆ ಫೈಲ್, ಸಿ ಶೆಲ್ ಆದರೆ ಅದನ್ನೊಮ್ಮೆ ಓಡಿಸಿ, ಅದರ ಚೀಟಿಗಳನ್ನು ತಾತ್ಕಾಲಿಕ ಫೈಲ್‌ಗೆ ಸುರಿದು, ಅಲ್ಲಿಂದ ಹೆಕ್ಕಿಕೋ. ಸೊಸೆ ಎಲ್ಲ ಅತ್ತೆಯರನ್ನೂ ಮೆಚ್ಚಿಸೋಕೆ ಹೊರಟ ಹಾಗೆ. ಜಿಡಿಎಂ ಇನ್ನೊಂದು ಹಾದಿ ಹಿಡಿಯಿತು. ಲಾಗಿನ್ ಪರದೆಯಲ್ಲೇ ಭಾಷೆಯ ಪಟ್ಟಿ ಇಟ್ಟು, ನೀವು ಆರಿಸಿದ್ದನ್ನು ‘ಡಾಟ್ ಡಿಎಂಆರ್‌ಸಿ’ ಎಂಬ ಫೈಲ್‌ನಲ್ಲಿ ನೆನಪಿಟ್ಟುಕೊಂಡಿತು. ಈಗ ‘ಲ್ಯಾಂಗ್’ ಬರೆಯೋಕೆ ಹತ್ತಾರು ಜಾಗ. ಯಾವುದು ಯಾವುದನ್ನು ಅಳಿಸುತ್ತೆ ಅಂತ ಪತ್ತೆ ಹಚ್ಚೋದೇ ಒಂದು ವಿದ್ಯೆ. ಬ್ಯಾಶ್‌ನದ್ದು ಇನ್ನೊಂದು ಚೇಷ್ಟೆ: ‘ಡಾಟ್ ಬ್ಯಾಶ್ ಪ್ರೊಫೈಲ್’ ಅಂತ ಒಂದು ಫೈಲ್ ಇದ್ದರೆ ಲಾಗಿನ್ ಆಗುವಾಗ ಅದು ‘ಡಾಟ್ ಪ್ರೊಫೈಲ್’ ಕಡೆ ತಿರುಗಿಯೂ ನೋಡಲ್ಲ.

ಕೊಂಚ ಅಚ್ಚುಕಟ್ಟಾದ ಉತ್ತರ ಬಂದದ್ದು ಪಾಸ್‌ವರ್ಡ್ ಪರೀಕ್ಷಿಸೋ ಕಡೆಯಿಂದ. 1995ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್‌ನ ವಿಪಿನ್ ಸಮರ್ ಮತ್ತು ರೋಲಂಡ್ ಸ್ಕೀಮರ್ಸ್ ‘ಪ್ಯಾಮ್’ ಎಂಬ ವ್ಯವಸ್ಥೆಯನ್ನು ಪ್ರಸ್ತಾಪಿಸಿದ್ದರು. ಕಪ್ಪು ಪರದೆಯೋ, ಚಿತ್ರದ ಪರದೆಯೋ, ದೂರದಿಂದ ಎಸ್‌ಎಸ್‌ಎಚ್ ಮೂಲಕವೋ, ಎಲ್ಲರೂ ಒಂದೇ ಕಾವಲುಗಾರನನ್ನು ದಾಟಿ ಹೋಗೋದು. ಹಾಗಾದ್ರೆ ಚೀಟಿಯನ್ನು ಆ ಕಾವಲುಗಾರನ ಕೈಯಲ್ಲೇ ಕೊಡಿಸಬಹುದಲ್ಲ? ಡೆಬಿಯನ್ ಮಾಡಿದ್ದು ಅದನ್ನೇ. ಪ್ಯಾಮ್‌ನ ಒಂದು ಭಾಗ ‘ಲ್ಯಾಂಗ್’ ಇರುವ ಫೈಲ್ ಓದಿ, ಯಾರೇ ಬರಲಿ, ಯಾವ ಬಾಗಿಲಿಂದಲೇ ಬರಲಿ, ಅವರ ಗಂಟಿಗೆ ಸೇರಿಸುತ್ತೆ. ನನ್ನ ಪ್ರಕಾರ ಈ ಇಡೀ ಕಥೆಯಲ್ಲಿ ಬುದ್ಧಿವಂತಿಕೆಯ ನಡೆ ಇದೊಂದೇ. ಬಳಕೆದಾರರು ತಮ್ಮದೇ ಫೈಲ್‌ನಿಂದ ಪ್ಯಾಮ್‌ಗೆ ಚೀಟಿ ಕೊಡೋ ಸೌಲಭ್ಯವೂ ಇತ್ತು. ಕಾವಲುಗಾರನಿಗೆ ಅತಿಥಿ ಬರೆದುಕೊಟ್ಟ ಚೀಟಿ ಓದಿಸೋದು ಅಪಾಯ ಅಂತ 2020ರಲ್ಲಿ ಅದನ್ನು ಕೈಬಿಡುವುದಾಗಿ ಘೋಷಿಸಲಾಯಿತು.

ಇಷ್ಟರಲ್ಲಿ ಟರ್ಮಿನಲ್ಲೂ ಬದಲಾಗಿತ್ತು. ಗ್ನೋಮ್‌ನಲ್ಲಿ ನೀವು ಟರ್ಮಿನಲ್ ಚಿತ್ರದ ಮೇಲೆ ಕ್ಲಿಕ್ ಮಾಡಿದಾಗ ಕಿಟಕಿ ತೆರೆಯೋದು ಹಿನ್ನೆಲೆಯಲ್ಲಿ ಓಡೋ ಒಂದು ಸರ್ವರ್. ಅದನ್ನು ಹುಟ್ಟಿಸೋದು ನಿಮ್ಮ ಶೆಲ್ ಅಲ್ಲ, ಡೆಸ್ಕ್‌ಟಾಪ್‌ನ ಸಂದೇಶ ಜಾಲ ಮತ್ತು ಸಿಸ್ಟಂಡಿ. ವಂಶಾವಳಿಯೇ ಬೇರೆ! ‘ಸಿ’ ಲೊಕೇಲ್ ಸಿಕ್ಕರೆ ಈ ಸರ್ವರ್ ಕೆಟ್ಟದಾಗಿ ತೋರಿಸೋದಿಲ್ಲ, ಕಿಟಕಿಯನ್ನೇ ತೆರೆಯೋದಿಲ್ಲ. ದೋಷ ಸಂದೇಶದಲ್ಲಿ ‘ಎಎನ್‌ಎಸ್‌ಐ ಎಕ್ಸ್3.4-1968ಕ್ಕೆ ಬೆಂಬಲವಿಲ್ಲ’ ಅನ್ನೋ ಅರ್ಥದ ಸಾಲು ಇರುತ್ತೆ. ಆ 1968 ಏನು ಅಂತ ತಲೆ ಕೆರೆದುಕೊಂಡವರು ಎಷ್ಟೋ ಮಂದಿ. ಅದು ಆಸ್ಕಿಯ ಅಧಿಕೃತ ಹೆಸರು, ಟೆಲಿಟೈಪ್ ಕಾಲದ ಪಟ್ಟಿ.

ಇನ್ನು ಕನ್ನಡದ ಲೊಕೇಲ್. ಗ್ನೂ ಲೈಬ್ರರಿಯಲ್ಲಿ ಅದರ ಹೆಸರು ‘ಕೆಎನ್ ಅಂಡರ್‌ಸ್ಕೋರ್ ಐಎನ್’. ಅಮೆರಿಕನ್ ಇಂಗ್ಲಿಷ್‌ಗೆ ಬಾಲದಲ್ಲಿ ‘ಯುಟಿಎಫ್-8’ ಅಂತ ಸೇರಿಸದಿದ್ದರೆ ಹಳೆಯ ಯುರೋಪಿಯನ್ ಪಟ್ಟಿ ಸಿಗುತ್ತೆ. ಕನ್ನಡಕ್ಕೆ ಆ ಬಾಲ ಬೇಡ, ಅಲ್ಲಿ ಕನ್ನಡ ಅಂದ್ರೆ ಯುಟಿಎಫ್-8 ಮಾತ್ರ. ತಡವಾಗಿ ಬಂದದ್ದರ ಲಾಭ ಅನ್ನಿ. ಆದರೆ ಒಂದು ಎಡವಟ್ಟಿದೆ. ಲಿನಕ್ಸ್‌ನ ಕಪ್ಪು ಪರದೆ ಏಕಕಾಲಕ್ಕೆ ಇಟ್ಟುಕೊಳ್ಳಬಲ್ಲದ್ದು ಹೆಚ್ಚೆಂದರೆ 512 ಅಕ್ಷರರೂಪ. ಒತ್ತಕ್ಷರ, ಗುಣಿತ ಸೇರಿ ಜೋಡಣೆಯಾಗುವ ಲಿಪಿ ಅದರ ಕೈಲಿ ಆಗದ ಮಾತು. ಇಡೀ ಕಂಪ್ಯೂಟರ್‌ಗೆ ಕನ್ನಡ ಲೊಕೇಲ್ ಕೊಟ್ಟರೆ, ಏನೋ ಕೆಟ್ಟು ಕಪ್ಪು ಪರದೆಗೆ ಬಂದ ದಿನ ಸಹಾಯದ ಸಂದೇಶಗಳೆಲ್ಲ ಡಬ್ಬಿ ಡಬ್ಬಿಯಾಗಿ ಕಾಣುತ್ತವೆ. ಹಾಗಾಗಿ ಕನ್ನಡದ ಮಟ್ಟಿಗೆ, ಚಿತ್ರಮಯ ಬಾಗಿಲಿಗೆ ಒಂದು ಚೀಟಿ, ಕಪ್ಪು ಬಾಗಿಲಿಗೆ ಇನ್ನೊಂದು ಅನ್ನೋದೇ ಸರಿ. ಇತಿಹಾಸದ ಗೋಜಲು ಇಲ್ಲಿ ಉಪಯೋಗಕ್ಕೆ ಬಂತು ನೋಡಿ.

ಲಿನಕ್ಸ್ ಬಳಸೋ ಕೇಳುಗರಿಗೆ ಒಂದು ಮಾತು. ಕನ್ನಡ ಅಕ್ಷರ ಕಾಣೋಕೆ ಕನ್ನಡ ಲೊಕೇಲೇ ಬೇಕು ಅಂತಿಲ್ಲ. ಇಂಡಿಯನ್ ಇಂಗ್ಲಿಷ್‌ನ ಯುಟಿಎಫ್-8 ಲೊಕೇಲ್ ಆದರೂ ಸಾಕು. ಟರ್ಮಿನಲ್ ತೆರೆದು ‘ಲೊಕೇಲ್’ ಅಂತ ಟೈಪ್ ಮಾಡಿದರೆ ನಿಮ್ಮ ಚೀಟಿಗಳೆಲ್ಲ ಕಾಣುತ್ತವೆ. ಸಿಸ್ಟಂಡಿ ಇರುವ ಕಂಪ್ಯೂಟರ್‌ನಲ್ಲಿ ‘ಲೊಕೇಲ್‌ಸಿಟಿಎಲ್’ ಬಳಸಿ ಬದಲಿಸಬಹುದು, ಒಮ್ಮೆ ಲಾಗೌಟ್ ಆಗಿ ಮತ್ತೆ ಬನ್ನಿ. ‘ಎಲ್‌ಸಿ ಆಲ್’ ಮಾತ್ರ ಶಾಶ್ವತವಾಗಿ ಹಾಕಿಡಬೇಡಿ. ಅದು ಉಳಿದೆಲ್ಲರ ಬಾಯಿ ಮುಚ್ಚಿಸುತ್ತೆ, ಆಮೇಲೆ ತಪ್ಪು ಎಲ್ಲಿದೆ ಅಂತ ಹುಡುಕೋದು ಕಷ್ಟ.

ಆ್ಯಪಲ್‌ನ ಮ್ಯಾಕ್‌ನಲ್ಲಿ ಟರ್ಮಿನಲ್ ಆ್ಯಪ್ ತಾನೇ ಚೀಟಿ ಬರೆದು ಪ್ರತಿ ಕಿಟಕಿಯಲ್ಲೂ ಲಾಗಿನ್ ಶೆಲ್ ತೆರೆಯುತ್ತೆ. ಒಳ್ಳೇದೇ. ಆದರೆ ಕೆಲವು ಭಾಷೆ-ದೇಶದ ಜೋಡಿಗೆ ಅದು ದೇಶವೇ ಇಲ್ಲದ ಬರೀ ‘ಯುಟಿಎಫ್-8’ ಅಂತ ಬರೆದುಬಿಡುತ್ತೆ. ಎಸ್‌ಎಸ್‌ಎಚ್ ಆ ಚೀಟಿಯನ್ನು ದೂರದ ಲಿನಕ್ಸ್ ಸರ್ವರ್‌ಗೆ ಹೊತ್ತೊಯ್ದಾಗ, ಇಂಥ ಹೆಸರಿನ ಲೊಕೇಲ್ ಇಲ್ಲ ಅಂತ ಅಲ್ಲಿಂದ ಎಚ್ಚರಿಕೆಗಳ ಸುರಿಮಳೆ. ಕ್ಲೌಡ್‌ನಲ್ಲಿ ಮೊದಲ ಸರ್ವರ್ ತೆರೆದ ವಿದ್ಯಾರ್ಥಿಗಳಲ್ಲಿ ಇದನ್ನು ನೋಡದವರು ಕಡಿಮೆ.

ಕಡೆಗೂ ‘ಸಿ’ಯನ್ನೇ ತಿದ್ದೋ ಕೆಲಸ ಶುರುವಾಗಿದೆ. 2018ರಲ್ಲಿ ಬಂದ ಪೈಥಾನ್ 3.7, ತನಗೆ ‘ಸಿ’ ಲೊಕೇಲ್ ಸಿಕ್ಕರೆ ಯಾರೋ ಚೀಟಿ ಮರೆತಿದ್ದಾರೆ ಅಂತಲೇ ಭಾವಿಸಿ ಯುಟಿಎಫ್-8ಕ್ಕೆ ತಾನೇ ಬದಲಾಯಿಸಿಕೊಳ್ಳುತ್ತೆ. ಕೆಲವು ಡಿಸ್ಟ್ರೊಗಳು ಮೊದಲೇ ಇಟ್ಟುಕೊಂಡಿದ್ದ ‘ಸಿ ಡಾಟ್ ಯುಟಿಎಫ್-8’ ಲೊಕೇಲ್ 2022ರ ಫೆಬ್ರುವರಿಯಲ್ಲಿ ಗ್ನೂ ಲೈಬ್ರರಿಯ 2.35 ಆವೃತ್ತಿಯಲ್ಲಿ ಅಧಿಕೃತವಾಗಿ ಸೇರಿತು. ಯಾವ ದೇಶದ್ದೂ ಅಲ್ಲದ, ಆದರೆ ಎಲ್ಲ ಲಿಪಿಯೂ ಗೊತ್ತಿರುವ ಲೊಕೇಲ್ ಅದು. ನಿಮ್ಮ ಕೈಯಲ್ಲಿರೋ ಆಂಡ್ರಾಯ್ಡ್ ಫೋನಿನ ಒಳಗೂ ಲಿನಕ್ಸೇ ಇದೆ, ಆದರೆ ಅಲ್ಲಿ ಆ್ಯಪ್‌ಗಳು ಭಾಷೆಗಾಗಿ ‘ಲ್ಯಾಂಗ್’ ಚೀಟಿ ಹುಡುಕೋದಿಲ್ಲ, ಸೆಟ್ಟಿಂಗ್ಸ್‌ನಲ್ಲಿ ನೀವು ಆರಿಸಿದ್ದನ್ನು ಸಿಸ್ಟಂ ತಾನೇ ಅವುಗಳಿಗೆ ತಿಳಿಸುತ್ತೆ. ಇಷ್ಟಾದರೂ ಲ್ಯಾಪ್‌ಟಾಪ್‌ನ ಟರ್ಮಿನಲ್‌ನಲ್ಲಿ ‘ಸ್ತ್ರೀ’ ಅಂತ ಬರೆದು ನೋಡಿ. ಟೆಲಿಟೈಪ್ ಕಾಲದಿಂದ ಬಂದ ಒಂದಕ್ಷರಕ್ಕೊಂದು ಚೌಕದ ಲೆಕ್ಕದಲ್ಲಿ ಆ ಒತ್ತಕ್ಷರ ಎಷ್ಟು ಚೌಕ ಹಿಡಿಯಬೇಕು ಅನ್ನೋದರಲ್ಲಿ ಟರ್ಮಿನಲ್‌ಗಳು ಇನ್ನೂ ಒಮ್ಮತಕ್ಕೆ ಬಂದಿಲ್ಲ.